ಬೇಲಿ ಕಂಬದ ಗುಂಡಿ: ಸೂಕ್ತ ಉಪಕರಣದ ಆಯ್ಕೆ

ಕೃಷಿ ಜಮೀನು, ತೋಟ, ಕೈಗಾರಿಕಾ ನಿವೇಶನ, ಗೋದಾಮಿನ ಆವರಣ, ಹೊಸ ಬಡಾವಣೆ ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಬೇಲಿ. ಬೇಲಿಯ ವೆಚ್ಚವನ್ನು ಅಂದಾಜು ಮಾಡುವಾಗ ಕಂಬದ ದರ, ಮುಳ್ಳುತಂತಿಯ ತೂಕ ಮತ್ತು ಸಾಗಾಣಿಕೆಯ ಬಾಡಿಗೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಗುಂಡಿ ತೋಡುವ ವೆಚ್ಚವನ್ನು ಮಾತ್ರ ‘ಕಂಬವೊಂದಕ್ಕೆ ಇಷ್ಟು’ ಎಂದು ಬಾಯಿಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ಆದರೆ ಬೇಲಿ ಗುತ್ತಿಗೆಯಲ್ಲಿ ನಷ್ಟ ಉಂಟಾಗುವುದು ಹೆಚ್ಚಾಗಿ ಈ ಬಾಬಿನಲ್ಲಿಯೇ. ಕಂಬ ಮತ್ತು ತಂತಿಯ ಬೆಲೆ ಮೊದಲೇ ಗೊತ್ತಿರುತ್ತದೆ. ನೆಲದೊಳಗೆ ಏನಿದೆ ಎಂಬುದು ಹಾರೆ ಹಾಕಿದ ನಂತರವೇ ತಿಳಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಗುಂಡಿ ತೋಡುವ ಯಂತ್ರಗಳು ಜಿಲ್ಲಾ ಕೇಂದ್ರಗಳಲ್ಲಷ್ಟೇ ಅಲ್ಲದೆ ತಾಲ್ಲೂಕು ಮಟ್ಟದ ಕೃಷಿ ಉಪಕರಣ ಮಳಿಗೆಗಳಲ್ಲಿಯೂ ದೊರೆಯುತ್ತಿವೆ. ಇದರಿಂದ ಆಯ್ಕೆ ವಿಸ್ತಾರವಾಗಿರುವಂತೆಯೇ ತಪ್ಪು ಆಯ್ಕೆಗೂ ಅವಕಾಶ ಹೆಚ್ಚಿದೆ. ಯಂತ್ರದ ಬೆಲೆಯನ್ನೋ ಎಂಜಿನ್ನಿನ ಸಾಮರ್ಥ್ಯವನ್ನೋ ಮಾತ್ರ ನೋಡಿ ಕೊಂಡವರು ಒಂದು ಹಂಗಾಮಿನ ನಂತರ ಅದನ್ನು ಮೂಲೆಗೆ ಸೇರಿಸಿ ಮತ್ತೆ ಹಾರೆ ಹಿಡಿಯುವ ಸಂದರ್ಭಗಳಿವೆ. ಉಪಕರಣವನ್ನು ನಿರ್ಧರಿಸಬೇಕಾದುದು ಮೂರು ಸಂಗತಿಗಳು: ನಿಲ್ಲಬೇಕಾದ ಕಂಬ, ತೋಡಬೇಕಾದ ಮಣ್ಣು, ಮತ್ತು ಗುಂಡಿಗಳ ಸಂಖ್ಯೆ. ಬೆಲೆ ಮತ್ತು ಸಾಮರ್ಥ್ಯದ ವಿಚಾರ ಇವುಗಳ ನಂತರ ಬರುತ್ತದೆ. ವರ್ತಕರು, ಬೇಲಿ ಗುತ್ತಿಗೆದಾರರು ಹಾಗೂ ಉಪಕರಣಗಳನ್ನು ಬಾಡಿಗೆಗೆ ನೀಡುವ ಉದ್ಯಮಿಗಳಿಗೆ ಉಪಯುಕ್ತವಾಗುವಂತೆ ಈ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕಂಬದ ಅಳತೆ

ರಾಜ್ಯದ ಬಯಲುಸೀಮೆಯಲ್ಲಿ ಬೇಲಿಗೆ ಬಳಸುವ ಕಂಬಗಳಲ್ಲಿ ಸೀಳಿದ ಕಲ್ಲುಕಂಬಗಳದೇ ದೊಡ್ಡ ಪಾಲು. ಸಿಮೆಂಟ್ ಕಂಬ, ಕಬ್ಬಿಣದ ಆಂಗಲ್ ಮತ್ತು ಪೈಪುಗಳು ನಂತರದವು. ಏಳು ಅಡಿ ಉದ್ದದ ಕಲ್ಲುಕಂಬವನ್ನು ಸಾಮಾನ್ಯವಾಗಿ ಎರಡು ಅಡಿ ಹೂತು, ಐದು ಅಡಿ ನೆಲದ ಮೇಲಿರುವಂತೆ ನಿಲ್ಲಿಸಲಾಗುತ್ತದೆ. ಮೂಲೆಯ ಕಂಬಗಳು ಹಾಗೂ ಗೇಟಿನ ಕಂಬಗಳು ತಂತಿಯ ಪೂರ್ಣ ಎಳೆತವನ್ನು ತಡೆಯಬೇಕಾದ ಕಾರಣ ಅವುಗಳಿಗೆ ಇನ್ನೂ ಆಳವಾದ ಗುಂಡಿ ಅಗತ್ಯ.

ಗುಂಡಿಯ ಅಗಲವನ್ನು ನಿರ್ಧರಿಸುವಾಗ ಕಂಬದ ಮುಖದ ಅಳತೆಯನ್ನಲ್ಲ, ಕರ್ಣದ ಅಳತೆಯನ್ನು ಗಮನಿಸಬೇಕು. ಆರು ಅಂಗುಲ ಚೌಕದ ಕಂಬದ ಕರ್ಣ ಸುಮಾರು ಎಂಟೂವರೆ ಅಂಗುಲ. ಆದುದರಿಂದ ಎಂಟು ಅಂಗುಲದ ಬಿಟ್ಟಿನಿಂದ ತೋಡಿದ ದುಂಡು ಗುಂಡಿಯೊಳಗೆ ಈ ಕಂಬ ಇಳಿಯುವುದೇ ಇಲ್ಲ. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಕಂಬದ ಕರ್ಣ ಸುಮಾರು ಏಳೂಕಾಲು ಅಂಗುಲ. ಅದು ಎಂಟು ಅಂಗುಲದ ಗುಂಡಿಯಲ್ಲಿ ಇಳಿದರೂ ಸುತ್ತಲೂ ಮಣ್ಣು ತುಂಬಿ ದಮ್ಮಸು ಮಾಡಲು ಎಡೆ ಉಳಿಯುವುದಿಲ್ಲ. ಸೀಳುಕಲ್ಲು ಎಲ್ಲ ಕಡೆಯೂ ಒಂದೇ ದಪ್ಪವಿರುವುದೂ ಇಲ್ಲ. ಯಂತ್ರದೊಡನೆ ಬಂದ ಬಿಟ್ಟನ್ನೇ ನಂಬಿ ನೂರು ಗುಂಡಿ ತೋಡಿ, ಕಂಬ ಇಳಿಸುವ ದಿನ ಎಲ್ಲವನ್ನೂ ಹಾರೆಯಿಂದ ಅಗಲ ಮಾಡಬೇಕಾಗಿ ಬಂದರೆ ಯಂತ್ರದಿಂದ ಉಳಿದ ಕೂಲಿ ಅಷ್ಟೂ ಅಲ್ಲಿಯೇ ಖರ್ಚಾಗುತ್ತದೆ. ಆರು ಅಂಗುಲದ ಕಲ್ಲುಕಂಬಕ್ಕೆ ಹನ್ನೆರಡು ಅಂಗುಲದ ಬಿಟ್ ಸೂಕ್ತ; ಹತ್ತು ಅಂಗುಲದ್ದು ಕನಿಷ್ಠ. ಆಂಗಲ್ ಮತ್ತು ಪೈಪಿನ ಕಂಬಗಳಿಗೆ ಆರು ಅಥವಾ ಎಂಟು ಅಂಗುಲ ಸಾಕಾಗುತ್ತದೆ.

ಗುಂಡಿ ಅಗತ್ಯಕ್ಕಿಂತ ಅಗಲವಾದರೂ ನಷ್ಟವೇ. ಹನ್ನೆರಡು ಅಂಗುಲ ಅಗಲ, ಎರಡು ಅಡಿ ಆಳದ ದುಂಡು ಗುಂಡಿಯಿಂದ ಹೊರಬರುವ ಮಣ್ಣು ಸುಮಾರು 1.57 ಘನ ಅಡಿ. ಗುದ್ದಲಿಯಿಂದ ತೋಡುವಾಗ ಆಳು ಬಗ್ಗಿ ಕೆಲಸ ಮಾಡಲು ಎಡೆ ಬೇಕಾಗುವುದರಿಂದ ಗುಂಡಿ ಒಂದೂವರೆ ಅಡಿ ಚೌಕವಾಗುವುದು ಸಾಮಾನ್ಯ; ಅದರ ಮಣ್ಣು 4.5 ಘನ ಅಡಿ. ಎಂದರೆ ಸರಿಸುಮಾರು ಮೂರು ಪಟ್ಟು ಹೆಚ್ಚು. ಕಂಬವು ಆಕ್ರಮಿಸುವ ಅರ್ಧ ಘನ ಅಡಿಯನ್ನು ಕಳೆದರೆ ದುಂಡು ಗುಂಡಿಗೆ ಮರಳಿ ತುಂಬಿ ಕುಟ್ಟಬೇಕಾದ ಮಣ್ಣು ಒಂದು ಘನ ಅಡಿಗಿಂತ ಸ್ವಲ್ಪ ಹೆಚ್ಚು. ಚೌಕ ಗುಂಡಿಗೆ ನಾಲ್ಕು ಘನ ಅಡಿ. ಕಂಬವನ್ನು ಭದ್ರವಾಗಿ ಹಿಡಿಯುವುದು ಅಲುಗದೆ ಉಳಿದ ಮೂಲ ಮಣ್ಣೇ ಹೊರತು ತುಂಬಿದ ಮಣ್ಣಲ್ಲ. ಅಗಲವಾದ ಗುಂಡಿಯಲ್ಲಿ ಸರಿಯಾಗಿ ದಮ್ಮಸು ಮಾಡದೆ ನಿಲ್ಲಿಸಿದ ಕಂಬ ಮೊದಲ ಮಳೆಗಾಲದಲ್ಲಿಯೇ ವಾಲುವುದಕ್ಕೆ ಇದೇ ಕಾರಣ.

ಮಣ್ಣಿನ ಗುಣ ಮತ್ತು ಹದ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳ ಕೆಂಪುಮಣ್ಣು ಹದವಿರುವಾಗ ಯಂತ್ರಕ್ಕೆ ಅತ್ಯಂತ ಅನುಕೂಲಕರ. ಬಿಟ್ಟಿನ ಸುರುಳಿಯ ಮೇಲೆ ಮಣ್ಣು ಪುಡಿಯಾಗಿ ಏರಿ ಹೊರಬೀಳುತ್ತದೆ. ಆದರೆ ಇದೇ ಜಿಲ್ಲೆಗಳಲ್ಲಿ ಒಂದೆರಡು ಅಡಿ ಕೆಳಗೆ ಗರಸು ಅಥವಾ ಬಂಡೆ ಅಡ್ಡ ಬರುವುದುಂಟು. ಮೇಲ್ಮಣ್ಣನ್ನು ನೋಡಿ ದರ ಒಪ್ಪಿಕೊಂಡ ಗುತ್ತಿಗೆದಾರರು ಸಂಕಷ್ಟಕ್ಕೆ ಒಳಗಾಗುವುದು ಇಲ್ಲಿಯೇ.

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಭಾಗದ ಎರೆಮಣ್ಣಿನ ಸ್ವಭಾವವೇ ಬೇರೆ. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಜೇಡಿ ಇದರಲ್ಲಿ ಅಧಿಕ. ಬೇಸಿಗೆಯಲ್ಲಿ ಇದು ಇಟ್ಟಿಗೆಯಂತೆ ಗಟ್ಟಿಯಾಗಿ ಬಿಟ್ಟಿನ ಮೊನೆಯನ್ನು ಜಾರಿಸುತ್ತದೆ. ಮಳೆಗಾಲದಲ್ಲಿ ಸುರುಳಿಗೆ ಅಂಟಿಕೊಂಡು ಬಿಡುವುದಿಲ್ಲ. ಬಿಟ್ಟು ತಿರುಪಿನಂತೆ ತನ್ನಷ್ಟಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ. ಮಳೆ ನಿಂತ ನಂತರ, ನೆಲದಲ್ಲಿ ತೇವವಿದ್ದು ಕೆಸರಿಲ್ಲದ ಅವಧಿಯೇ ಇಲ್ಲಿ ಕೆಲಸಕ್ಕೆ ಪ್ರಶಸ್ತ. ಹಸಿ ಜೇಡಿಯಲ್ಲಿ ಯಂತ್ರದಿಂದ ತೋಡಿದ ಗುಂಡಿಯ ಗೋಡೆ ಗಾರೆ ಬಳಿದಂತೆ ನುಣುಪಾಗುತ್ತದೆ. ತುಂಬಿದ ಮಣ್ಣು ಅದಕ್ಕೆ ಬೆಸೆದುಕೊಳ್ಳುವುದಿಲ್ಲ. ಕಂಬ ನಿಲ್ಲಿಸುವ ಮೊದಲು ಹಾರೆಯ ಮೊನೆಯಿಂದ ಗೋಡೆಯನ್ನು ಅಲ್ಲಲ್ಲಿ ಗೀರಿ ಒರಟು ಮಾಡುವುದು ಅವಶ್ಯ. ಮೇಲ್ಪದರದ ಮಣ್ಣು ವರ್ಷವೂ ಉಬ್ಬಿ ಕುಗ್ಗುವುದರಿಂದ ಈ ಪ್ರದೇಶದಲ್ಲಿ ಗುಂಡಿಯ ಆಳವನ್ನು ಹೆಚ್ಚಿಸುವುದೂ ಹಿತಕರ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಮುರಕಲ್ಲಿನ ನೆಲ ಮತ್ತೊಂದು ಬಗೆ. ನೆಲದೊಳಗೆ ತೇವದಿಂದಿರುವಾಗ ಕತ್ತರಿಸಲು ಬರುವ ಈ ಕಲ್ಲು ಗಾಳಿ ಬಿಸಿಲಿಗೆ ತೆರೆದುಕೊಂಡಾಗ ಗಟ್ಟಿಯಾಗುತ್ತದೆ. ಮೇಲ್ಭಾಗದ ಗಟ್ಟಿ ಪದರವನ್ನು ಹಾರೆ ಮತ್ತು ಪಿಕಾಸಿಯಿಂದ ಒಡೆಯದೆ ಸಾಮಾನ್ಯ ಯಂತ್ರವನ್ನು ಇಳಿಸಿದರೆ ಬಿಟ್ಟಿನ ಹಲ್ಲುಗಳು ಬೇಗನೆ ಸವೆಯುತ್ತವೆ. ಮಲೆನಾಡಿನ ತೋಟಗಳಲ್ಲಿ ಮಣ್ಣು ಮೃದುವಾಗಿದ್ದರೂ ಮರದ ಬೇರುಗಳು ಮತ್ತು ಇಳಿಜಾರು ಅಡ್ಡಿಯಾಗುತ್ತವೆ.

ಮಣ್ಣಿನ ಹದವನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಅರ್ಧ ಅಡಿ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಅಮುಕಬೇಕು. ಉಂಡೆ ಕಟ್ಟದಿದ್ದರೆ ಒಣಗಿದೆ. ಉಂಡೆಯಾಗಿ, ಸೊಂಟದೆತ್ತರದಿಂದ ಬಿಟ್ಟಾಗ ಒಡೆದರೆ ಹದವಾಗಿದೆ. ಒಡೆಯದೆ ಚಪ್ಪಟೆಯಾದರೆ ಹಸಿ ಹೆಚ್ಚು. ಒಣ ಕೆಂಪುಮಣ್ಣಿನಲ್ಲಿ ಹಿಂದಿನ ಸಂಜೆ ಗುಂಡಿಯ ಜಾಗದಲ್ಲಿ ಸಣ್ಣ ಕುಳಿ ಮಾಡಿ ನೀರು ತುಂಬಿಸಿದರೆ ಮರುದಿನದ ಕೆಲಸ ಹಗುರವಾಗುತ್ತದೆ.

ದರ ಒಪ್ಪುವ ಮೊದಲೇ ಬೇಲಿಯ ಗೆರೆಯ ಉದ್ದಕ್ಕೂ ನಾಲ್ಕೈದು ಕಡೆ ಪೂರ್ಣ ಆಳದ ಮಾದರಿ ಗುಂಡಿ ತೋಡಿಸುವುದು ಒಳ್ಳೆಯ ಪದ್ಧತಿ. ಅರ್ಧ ದಿನದ ಈ ಖರ್ಚು ಇಡೀ ಗುತ್ತಿಗೆಯ ನಷ್ಟವನ್ನು ತಪ್ಪಿಸಬಲ್ಲದು. ಬಂಡೆ ಸಿಕ್ಕ ಗುಂಡಿಗೆ ಪ್ರತ್ಯೇಕ ದರವೆಂದು ಕರಾರಿನಲ್ಲಿ ಬರೆದುಕೊಂಡರೆ ಜಮೀನಿನ ಮಾಲೀಕರಿಗೂ ಗುತ್ತಿಗೆದಾರರಿಗೂ ನಂತರದ ವಾದವಿವಾದ ಉಳಿಯುವುದಿಲ್ಲ.

ಕೈ ಉಪಕರಣಗಳು

ಯಾವ ಯಂತ್ರ ಕೊಂಡರೂ ಹಾರೆಯನ್ನು ಬಿಟ್ಟು ಬೇಲಿಯ ಕೆಲಸ ನಡೆಯುವುದಿಲ್ಲ. ಹಳೆಯ ಮೈಸೂರು ಭಾಗದಲ್ಲಿ ಗಡಾರಿ ಎಂದು ಕರೆಯುವ ಈ ಉಪಕರಣ ಮಣ್ಣನ್ನು ಸಡಿಲಿಸುತ್ತದೆ, ಕಲ್ಲನ್ನು ಮೀಟುತ್ತದೆ, ಕಂಬದ ಸುತ್ತ ತುಂಬಿದ ಮಣ್ಣನ್ನು ಕುಟ್ಟುತ್ತದೆ. ಮೂಲೆಯ ಕಂಬಕ್ಕೆ ಓರೆಯಾಗಿ ಕೊಡುವ ಆಸರೆ ಕಲ್ಲಿನ ಗುಂಡಿಯನ್ನು ಯಂತ್ರದಿಂದ ತೋಡಲಾಗದು. ಅದಕ್ಕೂ ಹಾರೆಯೇ ಬೇಕು.

ಹಾರೆಯ ಆಯ್ಕೆಯಲ್ಲಿ ತೂಕ ಮುಖ್ಯ. ಐದು ಅಡಿ ಉದ್ದದ, 25 ಮಿ.ಮೀ. ದಪ್ಪದ ದುಂಡು ಉಕ್ಕಿನ ಹಾರೆ ಸುಮಾರು 5.8 ಕಿ.ಗ್ರಾಂ ತೂಗುತ್ತದೆ, 30 ಮಿ.ಮೀ. ದಪ್ಪದ್ದಾದರೆ 8.3 ಕಿ.ಗ್ರಾಂ. ಭಾರದ ಹಾರೆ ಒಂದೇ ಏಟಿಗೆ ಆಳವಾಗಿ ಇಳಿಯುತ್ತದೆ, ಗರಸು ನೆಲಕ್ಕೆ ಹಿತ. ಆದರೆ ದಿನಕ್ಕೆ ನೂರಾರು ಬಾರಿ ಎತ್ತಿ ಹಾಕಬೇಕಾದ ಆಳಿನ ತೋಳಿಗೆ ಮಧ್ಯಾಹ್ನದ ನಂತರ ಅದೇ ಹೊರೆಯಾಗುತ್ತದೆ. ಕೆಂಪುಮಣ್ಣಿಗೆ ಹಗುರದ್ದು, ಗರಸು ಮತ್ತು ಮುರಕಲ್ಲಿಗೆ ಭಾರದ್ದು ಎಂಬ ಎರಡು ಬಗೆಗಳನ್ನು ಮಳಿಗೆಯಲ್ಲಿ ಇಟ್ಟಿರುವುದು ಲೇಸು. ಮೊನೆಯ ಹದವೂ ಅಷ್ಟೇ ಮುಖ್ಯ: ಹದ ಅತಿಯಾದರೆ ಕಲ್ಲಿಗೆ ತಾಗಿ ಚಕ್ಕೆ ಹಾರುತ್ತದೆ, ಕಡಿಮೆಯಾದರೆ ಮೊಂಡಾಗಿ ಮಡಿಚಿಕೊಳ್ಳುತ್ತದೆ. ಒಳ್ಳೆಯ ಉಕ್ಕಿನ ಹಾರೆಯನ್ನು ಕುಲುಮೆಯಲ್ಲಿ ಮತ್ತೆ ಮತ್ತೆ ಹಣಿಸಿ ಹಲವು ವರ್ಷ ಬಳಸಬಹುದು. ಹಾರೆಗಳಿಗೆ ಐ.ಎಸ್. 704, ಸಲಿಕೆಗಳಿಗೆ ಐ.ಎಸ್. 274 ಎಂಬ ಭಾರತೀಯ ಮಾನಕಗಳಿವೆ. ಸಗಟು ಖರೀದಿಯಲ್ಲಿ ಇವುಗಳಿಗೆ ಅನುಗುಣವಾದ ಸರಕನ್ನು ಕೇಳಿ ಪಡೆಯುವುದು ವರ್ತಕರಿಗೆ ಹಿತ.

ಕಿರಿದಾದ ಗುಂಡಿಯ ತಳದಿಂದ ಸಡಿಲ ಮಣ್ಣನ್ನು ಮೇಲೆತ್ತುವುದು ಕೈಕೆಲಸದ ನಿಜವಾದ ತೊಡಕು. ಸಾಧಾರಣ ಸಲಿಕೆ ಒಳಗೆ ಹೋಗುವುದಿಲ್ಲವಾದುದರಿಂದ ಕೆಲಸಗಾರರು ಡಬ್ಬಿಯಿಂದಲೋ ಚಿಪ್ಪಿನಿಂದಲೋ ಮೊಗೆಯುತ್ತಾರೆ, ಇಲ್ಲವೇ ಗುಂಡಿಯನ್ನೇ ಅಗಲ ಮಾಡುತ್ತಾರೆ. ಇದಕ್ಕೆಂದೇ ಎರಡು ಉದ್ದ ಹಿಡಿಗಳ ತುದಿಯಲ್ಲಿ ಎದುರುಬದುರಾಗಿ ಎರಡು ಬಾಗಿದ ಅಲಗುಗಳಿರುವ ಇಕ್ಕಳ ಮಾದರಿಯ ಉಪಕರಣವಿದೆ. ಹಿಡಿಗಳನ್ನು ಜೊತೆಗೂಡಿಸಿ ಗುಂಡಿಗೆ ಕುಕ್ಕಿ, ಬಿಡಿಸಿ ಹಿಡಿದರೆ ಅಲಗುಗಳು ಮಣ್ಣನ್ನು ಕಚ್ಚಿಕೊಂಡು ಮೇಲೆ ಬರುತ್ತವೆ. ಹಾರೆಯಿಂದ ಸಡಿಲಿಸಿ ಇದರಿಂದ ಎತ್ತಿದರೆ ಎಂಟು ಹತ್ತು ಅಂಗುಲದ ಅಚ್ಚುಕಟ್ಟಾದ ಗುಂಡಿ ಯಂತ್ರವಿಲ್ಲದೆಯೇ ಸಾಧ್ಯ. ಹಿಡಿಗಳು ಅಗಲಕ್ಕೆ ತೆರೆದುಕೊಳ್ಳಬೇಕಾಗುವುದರಿಂದ ಎರಡೂವರೆ ಮೂರು ಅಡಿಗಿಂತ ಆಳಕ್ಕೆ ಇದು ಹೊಂದುವುದಿಲ್ಲ. ಕಲ್ಲಿಲ್ಲದ ಮೃದು ಮಣ್ಣಿಗೆ ‘ಟಿ’ ಆಕಾರದ ಹಿಡಿಯಿರುವ ಕೈ ಆಗರ್ ಇನ್ನೊಂದು ಅಗ್ಗದ ಆಯ್ಕೆ. ಒಂದೆರಡು ಮುರಿದ ಕಂಬಗಳನ್ನು ಬದಲಿಸಬೇಕಾದ ತೋಟದ ಮಾಲೀಕರಿಗೆ ಇವೇ ಸಾಕು.

ಎಂಜಿನ್ ಚಾಲಿತ ಕೈಯಂತ್ರ

ಮಾರುಕಟ್ಟೆಯಲ್ಲಿ ‘ಅರ್ತ್ ಆಗರ್’ ಎಂದು ಪರಿಚಿತವಾದ ಯಂತ್ರಗಳಲ್ಲಿ ಬಹುಪಾಲು 52 ಸಿ.ಸಿ. ಅಥವಾ 63 ಸಿ.ಸಿ. ಸಾಮರ್ಥ್ಯದ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಹೊಂದಿರುತ್ತವೆ. ನಾಲ್ಕರಿಂದ ಹನ್ನೆರಡು ಅಂಗುಲದವರೆಗಿನ ಬಿಟ್ಟುಗಳು ದೊರೆಯುತ್ತವೆ. ಹನ್ನೆರಡು ಅಂಗುಲದ ಬಿಟ್ ದೊರೆಯುತ್ತದೆ ಎಂದ ಮಾತ್ರಕ್ಕೆ ಎಲ್ಲ ಯಂತ್ರಗಳೂ ಅದನ್ನು ಎಲ್ಲ ನೆಲದಲ್ಲೂ ತಿರುಗಿಸಬಲ್ಲವು ಎಂದು ತಿಳಿಯಬಾರದು. ಎಂಟು ಅಂಗುಲದ ಗುಂಡಿಗೆ ಹೋಲಿಸಿದರೆ ಹನ್ನೆರಡು ಅಂಗುಲದ ಗುಂಡಿಯ ತಳದ ವಿಸ್ತೀರ್ಣ ಎರಡೂಕಾಲು ಪಟ್ಟು. ಎಂಜಿನ್ನಿನ ಮೇಲಿನ ಹೊರೆಯೂ, ಅದನ್ನು ಹಿಡಿದವರ ಕೈಗೆ ಬರುವ ತಿರುಚೂ ಅದಕ್ಕೆ ತಕ್ಕಂತೆ ಏರುತ್ತದೆ. ಗಟ್ಟಿ ನೆಲದಲ್ಲಿ ಮೊದಲು ಆರು ಅಥವಾ ಎಂಟು ಅಂಗುಲದ ಬಿಟ್ಟಿನಿಂದ ದಾರಿ ಮಾಡಿ, ನಂತರ ದೊಡ್ಡ ಬಿಟ್ ಹಾಕುವುದು ಅನುಭವಿಗಳ ಕ್ರಮ.

ಬಿಟ್ಟು ಬೇರಿಗೋ ಕಲ್ಲಿಗೋ ಸಿಕ್ಕಿ ಥಟ್ಟನೆ ನಿಂತಾಗ ಯಂತ್ರದ ದೇಹ ತಿರುಗಲು ಯತ್ನಿಸುತ್ತದೆ. ಮಣಿಕಟ್ಟು, ಮೊಣಕೈ ಮತ್ತು ಪಕ್ಕೆಗೆ ಪೆಟ್ಟಾಗುವುದು ಈ ಕ್ಷಣದಲ್ಲಿ. ಹತ್ತು ಅಂಗುಲಕ್ಕಿಂತ ದೊಡ್ಡ ಬಿಟ್ ಬಳಸುವಾಗ ಇಬ್ಬರು ಹಿಡಿಯುವ ಚೌಕಟ್ಟಿನ ಯಂತ್ರ ಅಥವಾ ಗಾಲಿಯ ಮೇಲೆ ಕೂಡಿಸಿದ ಮಾದರಿಯೇ ಸುರಕ್ಷಿತ. ಮಣ್ಣನ್ನು ಹೊರಹಾಕಲು ಪ್ರತಿ ಅರ್ಧ ಅಡಿಗೊಮ್ಮೆ ಬಿಟ್ಟನ್ನು ತಿರುಗುತ್ತಿರುವಂತೆಯೇ ಮೇಲೆತ್ತಬೇಕು. ಒಂದೇ ಸಮನೆ ತಳದವರೆಗೆ ಒತ್ತಿದರೆ ಅದು ಸಿಕ್ಕಿಕೊಳ್ಳುವುದು ಖಚಿತ.

ಈ ಯಂತ್ರಗಳು ಕೆಡುವುದಕ್ಕೆ ಇಂಧನದ ಅಜಾಗರೂಕತೆ ಒಂದು ಮುಖ್ಯ ಕಾರಣ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನೊಡನೆ ನಿಗದಿತ ಪ್ರಮಾಣದ ಎಣ್ಣೆ ಬೆರೆಸಲೇಬೇಕು. ತಯಾರಕರನ್ನು ಅನುಸರಿಸಿ ಇದು 25 ಪಾಲಿಗೆ ಒಂದರಿಂದ 50 ಪಾಲಿಗೆ ಒಂದರವರೆಗೆ ವ್ಯತ್ಯಾಸವಾಗುತ್ತದೆ. ಬರಿಯ ಪೆಟ್ರೋಲಿನಲ್ಲಿ ನಡೆಸಿದರೆ ಪಿಸ್ಟನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರಕೆ 2025ರಲ್ಲಿ ಶೇ. 20ರ ಮಟ್ಟ ತಲುಪಿದೆ. ಎಥೆನಾಲ್ ತೇವವನ್ನು ಹೀರುವ ಗುಣದ್ದಾದುದರಿಂದ ಹಂಗಾಮು ಮುಗಿದ ಮೇಲೆ ಟ್ಯಾಂಕು ಮತ್ತು ಕಾರ್ಬುರೇಟರನ್ನು ಬರಿದು ಮಾಡಿ ಇಡುವುದು ಅಗತ್ಯ. ಯಂತ್ರವು ಯಾವ ಪ್ರಮಾಣದ ಬೆರಕೆಗೆ ಯೋಗ್ಯವೆಂದು ತಯಾರಕರ ಕೈಪಿಡಿಯಲ್ಲಿ ನೋಡಿ ಗ್ರಾಹಕರಿಗೆ ತಿಳಿಸುವುದು ಮಾರುವವರ ಕರ್ತವ್ಯ.

ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರ

ಟ್ರ್ಯಾಕ್ಟರಿನ ಹಿಂಬದಿಯ ಮೂರು ಕೊಂಡಿಗಳಿಗೆ ಜೋಡಿಸಿ, ಪಿ.ಟಿ.ಓ. ಶಾಫ್ಟಿನಿಂದ ತಿರುಗಿಸುವ ಯಂತ್ರವು ಹನ್ನೆರಡು ಅಂಗುಲ ಹಾಗೂ ಅದಕ್ಕೂ ದೊಡ್ಡ ಗುಂಡಿಗಳನ್ನು ಶ್ರಮವಿಲ್ಲದೆ ತೋಡುತ್ತದೆ. ಸಮತಟ್ಟಾದ, ವಿಶಾಲ ಜಮೀನಿನಲ್ಲಿ, ಕೈಗಾರಿಕಾ ನಿವೇಶನಗಳಲ್ಲಿ ಹಾಗೂ ಸಿಮೆಂಟ್ ಕಂಬಗಳನ್ನು ಸಾಲಾಗಿ ನಿಲ್ಲಿಸಬೇಕಾದ ಡ್ರ್ಯಾಗನ್ ಹಣ್ಣಿನ ತೋಟಗಳಲ್ಲಿ ಇದಕ್ಕೆ ಸಮನಾದುದು ಇಲ್ಲ. ಆದರೆ ಟ್ರ್ಯಾಕ್ಟರ್ ನಿಂತು ತಿರುಗಲು ಎಡೆ ಬೇಕು. ಬದು, ಕಾಲುವೆ, ಇಳಿಜಾರು ಮತ್ತು ಬೆಳೆದ ತೋಟದ ಅಂಚಿನಲ್ಲಿ ಇದು ನಿರುಪಯೋಗಿ.

ಗೇರ್ ಪೆಟ್ಟಿಗೆಯನ್ನು ರಕ್ಷಿಸಲು ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಇರುತ್ತದೆ. ಬಿಟ್ಟು ಕಲ್ಲಿಗೆ ಸಿಕ್ಕಾಗ ಈ ಬೋಲ್ಟ್ ತುಂಡಾಗಿ ಉಳಿದ ಭಾಗಗಳು ಉಳಿಯುತ್ತವೆ. ಪದೇ ಪದೇ ತುಂಡಾಗುವುದೆಂದು ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಒಡೆಯುವುದು ಗೇರ್ ಪೆಟ್ಟಿಗೆ. ತಯಾರಕರು ಸೂಚಿಸಿದ ದರ್ಜೆಯ ಬೋಲ್ಟುಗಳನ್ನೇ ಯಂತ್ರದೊಡನೆ ಕೊಡುವುದು ವರ್ತಕರು ಮಾಡಬಹುದಾದ ಸಣ್ಣ, ಆದರೆ ಮಹತ್ವದ ಉಪಕಾರ.

ಜೆ.ಸಿ.ಬಿ.ಯಿಂದಲೇ ಗುಂಡಿ ತೋಡಿಸಿದರೆ ಬೇಗ ಮುಗಿಯುವುದೆಂಬ ಅಭಿಪ್ರಾಯವಿದೆ. ಅಗಲ ಬಕೆಟ್ಟಿನಿಂದ ಆಗುವುದು ಕಂಬದ ಗುಂಡಿಯಲ್ಲ, ಹಳ್ಳ. ಹಾಗೆ ಅಲುಗಿದ ಮಣ್ಣಿನಲ್ಲಿ ಕಾಂಕ್ರೀಟಿಲ್ಲದೆ ಕಂಬ ನಿಲ್ಲದು. ಆ ಯಂತ್ರಕ್ಕೆ ಹೈಡ್ರಾಲಿಕ್ ಆಗರ್ ಜೋಡಿಸಿದ್ದರೆ ಮಾತ್ರ ವಿಚಾರ ಬೇರೆ. ಬಂಡೆಯೇ ಸಿಕ್ಕ ಕಡೆ ಯಾವ ಆಗರ್ ಕೂಡ ಉಪಯೋಗವಿಲ್ಲ. ಕಂಬದ ಜಾಗವನ್ನು ಒಂದೆರಡು ಅಡಿ ಸರಿಸುವುದು, ಇಲ್ಲವೇ ಕಂಪ್ರೆಸರ್ ಯಂತ್ರದಿಂದ ಬಂಡೆಯಲ್ಲಿ ರಂಧ್ರ ಕೊರೆದು ಕಬ್ಬಿಣದ ಸರಳು ನೆಟ್ಟು ಸಿಮೆಂಟಿನಿಂದ ಬಿಗಿದು ಅದಕ್ಕೆ ಆಂಗಲ್ ಕಂಬ ಜೋಡಿಸುವುದು ಉಳಿದ ದಾರಿಗಳು.

ಗುಂಡಿಯೊಂದರ ವೆಚ್ಚದ ಲೆಕ್ಕ

ಚೌಕವಾದ ಒಂದು ಎಕರೆ ಜಮೀನಿನ ಸುತ್ತಳತೆ ಸುಮಾರು 835 ಅಡಿ. ಎಂಟು ಅಡಿಗೊಂದರಂತೆ 104 ಕಂಬಗಳು ಬೇಕಾಗುತ್ತವೆ. ನಾಲ್ಕು ಎಕರೆಯ ಚೌಕಕ್ಕೆ ಬೇಕಾಗುವುದು ನಾಲ್ಕು ಪಟ್ಟಲ್ಲ, ಎರಡು ಪಟ್ಟು. ಎಂದರೆ 208 ಕಂಬಗಳು. ಜಮೀನು ಹಿರಿದಾದಂತೆ ಎಕರೆಗೆ ಬೀಳುವ ಗುಂಡಿಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂಬ ಈ ಅಂಶ ಯಂತ್ರ ಖರೀದಿಯ ನಿರ್ಧಾರದಲ್ಲಿ ಬಹಳ ಮುಖ್ಯ.

ಉದಾಹರಣೆಗಾಗಿ, ಹದವಿರುವ ಕೆಂಪುಮಣ್ಣಿನಲ್ಲಿ ದಿನಗೂಲಿ ರೂ. 600 ಪಡೆಯುವ ಒಬ್ಬ ಆಳು ದಿನಕ್ಕೆ 10 ಗುಂಡಿ ತೋಡುವನೆಂದು ಭಾವಿಸಿದರೆ ಗುಂಡಿಯೊಂದಕ್ಕೆ ರೂ. 60 ಬೀಳುತ್ತದೆ. ಇಬ್ಬರು ಸೇರಿ ಕೈಯಂತ್ರದಿಂದ ದಿನಕ್ಕೆ 60 ಗುಂಡಿ ತೋಡಿದರೆ ಕೂಲಿ ರೂ. 20, ಇಂಧನ ರೂ. 6, ಸವಕಳಿ ಮತ್ತು ದುರಸ್ತಿ ರೂ. 4 ಎಂದು ಒಟ್ಟು ರೂ. 30 ಆಗುತ್ತದೆ. ಉಳಿತಾಯ ಗುಂಡಿಗೆ ರೂ. 30. ಯಂತ್ರದ ಬೆಲೆ ರೂ. 18,000 ಎಂದಿಟ್ಟುಕೊಂಡರೆ ಅದು ಮರಳಲು 600 ಗುಂಡಿಗಳು ಬೇಕು. ಇಷ್ಟು ಕಂಬಗಳ ಬೇಲಿ ಸುತ್ತುವರಿಯುವ ಚೌಕ ಜಮೀನು ಸುಮಾರು 33 ಎಕರೆ! ಒಂದು ಎಕರೆಯ ರೈತರಿಗೆ ಕೈಕೆಲಸದಿಂದ ರೂ. 6,240 ಆಗುವ ವೆಚ್ಚ, ದಿನಕ್ಕೆ ರೂ. 800ರಂತೆ ಎರಡು ದಿನ ಯಂತ್ರವನ್ನು ಬಾಡಿಗೆಗೆ ಪಡೆದರೆ ರೂ. 4,720ಕ್ಕೆ ಇಳಿಯುತ್ತದೆ, ಸ್ವಂತಕ್ಕೆ ಕೊಂಡರೆ ರೂ. 21,120ಕ್ಕೆ ಏರುತ್ತದೆ.

ಇದೇ ಲೆಕ್ಕವನ್ನು ಗರಸು ನೆಲಕ್ಕೆ ಹಾಕಿದರೆ ಚಿತ್ರ ಬದಲಾಗುತ್ತದೆ. ಯಂತ್ರದಿಂದ ದಿನಕ್ಕೆ 30 ಗುಂಡಿ ಮಾತ್ರ ಸಾಧ್ಯವಾಗಿ, ಇಂಧನಕ್ಕೆ ರೂ. 10, ಸವಕಳಿಗೆ ರೂ. 8 ತಗುಲಿದರೆ ನಾಲ್ಕು ದಿನಗಳ ಬಾಡಿಗೆಯೂ ಸೇರಿ ಗುಂಡಿಗೆ ಸುಮಾರು ರೂ. 89 ಆಗುತ್ತದೆ. ದಿನಕ್ಕೆ ಏಳೇ ಗುಂಡಿ ತೋಡುವ ಆಳಿನ ವೆಚ್ಚ ಸುಮಾರು ರೂ. 86. ಯಂತ್ರದ ಅನುಕೂಲ ಪೂರ್ತಿ ಅಳಿಸಿಹೋಗುತ್ತದೆ. ಕೂಲಿ, ಬಾಡಿಗೆ, ಬೆಲೆಗಳು ಊರಿಂದ ಊರಿಗೆ ಬೇರೆಯಾಗುವುದರಿಂದ ಮೇಲಿನ ಅಂಕಿಗಳ ಜಾಗದಲ್ಲಿ ತಮ್ಮ ಊರಿನ ದರ ಇಟ್ಟು ಲೆಕ್ಕ ಹಾಕಿಕೊಳ್ಳಬೇಕು. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಇದರ ತಾತ್ಪರ್ಯವಿಷ್ಟೆ: ಸಣ್ಣ ಹಿಡುವಳಿದಾರರು ಬಾಡಿಗೆ ಯಂತ್ರದ ಗ್ರಾಹಕರು, ಗುತ್ತಿಗೆದಾರರು ಹಾಗೂ ಗಿಡ ನೆಡಲು ವರ್ಷವೂ ಗುಂಡಿ ತೋಡುವ ತೋಟದ ಮಾಲೀಕರು ಖರೀದಿಯ ಗ್ರಾಹಕರು. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಪದ್ಧತಿಯನ್ನು ರೈತರಿಗೆ ಪರಿಚಯಿಸಿದೆ. ಖಾಸಗಿ ಉದ್ಯಮಿಗಳಿಗೂ ಈ ಕ್ಷೇತ್ರದಲ್ಲಿ ಅವಕಾಶವಿದೆ.

ಸುರಕ್ಷತೆ ಮತ್ತು ಮಾರುವವರ ಹೊಣೆ

ತಿರುಗುವ ಶಾಫ್ಟು ಮತ್ತು ಬಿಟ್ಟುಗಳು ಬಟ್ಟೆಯನ್ನು ಸುತ್ತಿಕೊಂಡರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅನಾಹುತ ಸಂಭವಿಸುತ್ತದೆ. ಸೀರೆಯ ಸೆರಗು, ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲು ಇವು ಯಾವುವೂ ಯಂತ್ರದ ಸಮೀಪ ಸಲ್ಲವು. ಪಿ.ಟಿ.ಓ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿಡುವ ಅಭ್ಯಾಸ ಅತ್ಯಂತ ಅಪಾಯಕರ. ಬಿಟ್ಟು ತಿರುಗುತ್ತಿರುವಾಗ ಗುಂಡಿಯ ಸುತ್ತಲಿನ ಮಣ್ಣನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಸರಿಸಬಾರದು. ಸಿಕ್ಕಿಕೊಂಡ ಬಿಟ್ಟನ್ನು ಬಿಡಿಸುವ ಮೊದಲು ಎಂಜಿನ್ ನಿಲ್ಲಿಸಬೇಕು. ಗೆರೆ ಹಾಕುವ ಮುನ್ನ ನೆಲದಡಿಯ ನೀರಿನ ಪೈಪು, ಪಂಪಿನ ವಿದ್ಯುತ್ ಕೇಬಲ್ ಮತ್ತು ದೂರವಾಣಿ ಕೇಬಲ್ಲುಗಳ ಮಾಹಿತಿ ಪಡೆಯಬೇಕು. ಕಂಬ ನಿಲ್ಲಿಸುವುದು ಮರುದಿನಕ್ಕೆ ಉಳಿದರೆ ತೆರೆದ ಗುಂಡಿಗಳನ್ನು ಮುಚ್ಚಿ ಹೋಗಬೇಕು; ಕತ್ತಲಲ್ಲಿ ಮಕ್ಕಳ ಕಾಲು, ಆಡು ಕುರಿಗಳ ಕಾಲು ಮುರಿಯಲು ಎರಡು ಅಡಿಯ ಗುಂಡಿ ಸಾಕು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವನ್ನು ಒಳಗೊಂಡಿದೆ. ಅಪಾಯದ ಬಗ್ಗೆ ಅಥವಾ ಸರಿಯಾದ ಬಳಕೆಯ ಬಗ್ಗೆ ತಯಾರಕರು ನೀಡಿದ ಎಚ್ಚರಿಕೆ ಹಾಗೂ ಸೂಚನೆಗಳನ್ನು ಮಾರಾಟದ ವೇಳೆ ಗ್ರಾಹಕರಿಗೆ ತಲುಪಿಸದೆ ಹೋಗಿ, ಅದೇ ಕಾರಣದಿಂದ ಹಾನಿಯಾದರೆ ಮಾರಿದವರೂ ಹೊಣೆಗಾರರಾಗಬಹುದು. ಕೈಪಿಡಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರೆ ಸಾಲದು. ಬಳಸುವವರ ಮುಂದೆ ಯಂತ್ರವನ್ನು ಒಮ್ಮೆ ನಡೆಸಿ ತೋರಿಸಿ, ಎಚ್ಚರಿಕೆಗಳನ್ನು ಕನ್ನಡದಲ್ಲಿ ತಿಳಿಸಿ, ಸಹಿ ಪಡೆಯುವುದು ವಿವೇಕ. ಯಂತ್ರವನ್ನು ಬಾಡಿಗೆಗೆ ನೀಡುವವರು ಇದೇ ಕ್ರಮವನ್ನು ಪ್ರತಿ ಬಾರಿಯೂ ಅನುಸರಿಸಬೇಕು, ಏಕೆಂದರೆ ಅಲ್ಲಿ ಬಳಸುವ ಕೈ ಪ್ರತಿ ಬಾರಿಯೂ ಹೊಸದು.

ವರ್ತಕರು ಕೇಳಬೇಕಾದ ಪ್ರಶ್ನೆಗಳು

ಗ್ರಾಹಕರು ಮಳಿಗೆಗೆ ಬಂದಾಗ ಯಂತ್ರವನ್ನು ತೋರಿಸುವ ಮೊದಲು ಈ ಐದು ಪ್ರಶ್ನೆಗಳನ್ನು ಕೇಳುವುದು ಉಚಿತ:

1. ಕಂಬ ಯಾವುದು, ಅದರ ಕರ್ಣದ ಅಳತೆ ಎಷ್ಟು?
2. ಎಷ್ಟು ಗುಂಡಿಗಳು, ಎಷ್ಟು ಆಳ?
3. ಮಣ್ಣು ಯಾವುದು? ಎರಡು ಅಡಿಯವರೆಗೆ ತೋಡಿ ನೋಡಲಾಗಿದೆಯೇ?
4. ಟ್ರ್ಯಾಕ್ಟರ್ ಗೆರೆಯವರೆಗೆ ಹೋಗಬಲ್ಲದೇ?
5. ಬೇಲಿ ಮುಗಿದ ಮೇಲೆ ಯಂತ್ರಕ್ಕೆ ಬೇರೆ ಕೆಲಸ ಇದೆಯೇ?

ಐದನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಮಾರಾಟಕ್ಕಿಂತ ಬಾಡಿಗೆಯೇ ಗ್ರಾಹಕರಿಗೆ ಹಿತ. ಯಂತ್ರ ಕೊಂಡವರಿಗೆ ಬಿಟ್ಟಿನ ಹಲ್ಲು, ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ, ಕ್ಲಚ್ ಹಾಗೂ ಶಿಯರ್ ಬೋಲ್ಟುಗಳು ಅದೇ ಮಳಿಗೆಯಲ್ಲಿ ದೊರೆಯುವಂತಿರಬೇಕು. ಹತ್ತು ಗುಂಡಿ ಉಳಿದಿರುವಾಗ ಒಂದು ಹಗ್ಗಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಓಡಬೇಕಾದ ಗ್ರಾಹಕರು ಮತ್ತೆ ಅದೇ ಮಳಿಗೆಗೆ ಬರುವುದು ಅನುಮಾನ. ತೆರಿಗೆಯ ವಿಷಯದಲ್ಲಿ, 8201ನೇ ಶೀರ್ಷಿಕೆಯಡಿ ಬರುವ ಸಲಿಕೆ, ಗುದ್ದಲಿ, ಪಿಕಾಸಿಯಂತಹ ಕೃಷಿ ಕೈ ಉಪಕರಣಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಎಂಜಿನ್ ಚಾಲಿತ ಯಂತ್ರಗಳು ಈ ಗುಂಪಿಗೆ ಸೇರುವುದಿಲ್ಲ. ಬಿಲ್ಲು ಬರೆಯುವಾಗ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸುವುದು ಅವಶ್ಯ.

ಬೇಲಿಯ ಆಯುಸ್ಸು ನೆಲದ ಮೇಲೆ ಕಾಣುವ ತಂತಿಗಿಂತ ನೆಲದೊಳಗಿನ ಎರಡು ಅಡಿಯನ್ನು ಹೆಚ್ಚು ಅವಲಂಬಿಸಿದೆ. ಕಂಬವನ್ನು ಅಳೆದು, ಮಣ್ಣನ್ನು ಪರೀಕ್ಷಿಸಿ, ಗುಂಡಿಗಳನ್ನು ಎಣಿಸಿ ಆಯ್ದ ಉಪಕರಣದಿಂದ ರೈತರ ಬೇಲಿ ನಿಲ್ಲುತ್ತದೆ, ಗುತ್ತಿಗೆದಾರರ ದರ ಉಳಿಯುತ್ತದೆ, ವರ್ತಕರ ಮಳಿಗೆಗೆ ಅದೇ ಗ್ರಾಹಕರು ಮುಂದಿನ ಹಂಗಾಮಿನಲ್ಲಿಯೂ ಬರುತ್ತಾರೆ.